ತಾವು ಬೀದಿಯಲ್ಲಿ ನಡೆಸಿದ ಮುಖ

ಮಾನ್ಯ ಸಚಿವರೇ,

ನನ್ನ ಅಕ್ಕನನ್ನು ಕೊಂದು ಓಡಿದವನ ಮುಖ ಕಂಡವಳು ನಾನೊಬ್ಬಳೇ. ಆ ಮುಖವನ್ನು ನನ್ನ ನೆನಪಿನಿಂದ ಅಳಿಸಿ ಹಾಕಿದವರು ತಾವು. ಸಿಟ್ಟಿನಿಂದ ಬರೆಯುತ್ತಿಲ್ಲ, ಸಿಟ್ಟು ಯಾವಾಗಲೋ ಮುಗಿದಿದೆ. ಕಳೆದ ವಾರ ತಾವು ಇನ್ನೊಂದು ಊರಿನಲ್ಲಿ, ಸಾವಾದ ಇನ್ನೊಂದು ಮನೆಯ ಜಗುಲಿಯ ಮೇಲೆ ನಿಂತು ಅದೇ ಮಾತನ್ನು ಆಡಿದ್ದು ಟಿವಿಯಲ್ಲಿ ಬಂತು. ಅದಕ್ಕಾಗಿ ಈ ಪತ್ರ.

ನಾನು ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು. ಅಕ್ಕ ಮಹದೇವಮ್ಮನನ್ನು ಮಾದಿಹಳ್ಳಿಗೆ ಕೊಟ್ಟಿದ್ದರು. ಎರಡೂವರೆ ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ, ಶಾಲೆ ಮುಗಿಸಿಕೊಂಡು ಅವಳ ಮನೆಗೆ ಹೋದೆ. ಗೇಟು ತೆಗೆಯುವಾಗ ಒಳಗಿನಿಂದ ಓಡಿಬಂದವನೊಬ್ಬ ನನಗೆ ಡಿಕ್ಕಿ ಹೊಡೆದು, ಒಂದು ಕ್ಷಣ ನನ್ನ ಮುಖ ನೋಡಿ, ತೋಟದ ಕಡೆ ಹೊರಟುಹೋದ. ಅಡುಗೆಮನೆಯಲ್ಲಿ ಅಕ್ಕ ಬಿದ್ದಿದ್ದಳು. ಕತ್ತಿನಲ್ಲಿ ಮಾಂಗಲ್ಯದ ಸರ ಇರಲಿಲ್ಲ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ನಾನು ಮೊದಲು ಒಲೆ ಆರಿಸಿದೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಅಂದು ನನ್ನ ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ಕೆಂಚಯ್ಯನವರು ಒಂದು ಮಾತು ಹೇಳಿದರು: "ಮೇಡಮ್ನೋರೆ, ಆ ಮುಖ ಹಂಗೇ ಮನ್ಸಲ್ಲಿ ಇಟ್ಕೊಳಿ. ಯಾರಾದ್ರೂ ಸಿಕ್ರೆ ತಹಶೀಲ್ದಾರ್ರ ಮುಂದೆ ಹತ್ತು ಜನದ ಜತೆ ನಿಲ್ಲಿಸ್ತೀವಿ. ನೀವು ಗುರುತು ಹಿಡೀಬೇಕು. ಈ ಕೇಸಲ್ಲಿ ಇರೋದು ಅದೊಂದೇ."

ಮೂರನೆಯ ದಿನ ತಾವು ಬಂದಿರಿ. ಹಿಂದೆ ಕ್ಯಾಮೆರಾಗಳು, ಮುಂದೆ ಜನ. "ನಮ್ ಕೈಗೆ ಕೊಡ್ರಿ ಅವ್ನ!" ಎಂದು ಕೂಗಿದರು. ತಾವು ಕೈಯೆತ್ತಿ, "ನಾಳೆ ಸಂಜೆಯೊಳಗೆ ಅವನನ್ನು ನಿಮ್ಮ ಕಣ್ಣೆದುರಿಗೇ ನಡೆಸುತ್ತೇವೆ" ಎಂದಿರಿ. ಆಗ ಇನ್ನೂ ಯಾರೂ ಸಿಕ್ಕಿರಲಿಲ್ಲ, ಮಾನ್ಯರೇ. ಅಪರಾಧಿಗಿಂತ ಮೊದಲು ಗಡುವು ನಿಗದಿಯಾಯಿತು. ತನಿಖೆಯಲ್ಲಿ ಇಂಥ ದಕ್ಷತೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಮಾರನೆಯ ದಿನ ಗೆಂಡೆಹಳ್ಳಿಯ ಒಬ್ಬ ಪೇಂಟರ್ ಸಿಕ್ಕ. ಆ ವಾರ ಅಕ್ಕನ ಪಕ್ಕದ ಮನೆಗೆ ಬಣ್ಣ ಹೊಡೆದವನು. ಅವನ ಹೆಸರನ್ನು ನಾನು ಬರೆಯುವುದಿಲ್ಲ; ತಾವು ಸಾಕಷ್ಟು ಸಲ ಹೇಳಿದ್ದೀರಿ. ಕೈಗೆ ಹಗ್ಗ ಕಟ್ಟಿ, ಮುಖಕ್ಕೆ ಬಟ್ಟೆಯಿಲ್ಲದೆ, ಪೇಟೆ ಬೀದಿಯಲ್ಲಿ ನಡೆಸಿದರು. "ಬಾರಮ್ಮ, ನಿಮ್ಮಕ್ಕನ್ನ ಕೊಂದೋನ ಮುಖನಾದ್ರೂ ನೋಡು" ಎಂದು ಭಾವ ದೇವೀರಪ್ಪ ನನ್ನನ್ನು ಕರೆದುಕೊಂಡು ಹೋದರು. ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ. ಜನಾಭಿಪ್ರಾಯ ಎಂದು ತಾವು ಕರೆಯುವುದರಲ್ಲಿ ನನ್ನ ಎರಡು ಕೈಗಳೂ ಇದ್ದವು.

ಹನ್ನೆರಡು ದಿನಗಳ ಮೇಲೆ ತಹಶೀಲ್ದಾರರ ಮುಂದೆ ನಿಂತಾಗ, ಸಾಲಿನಲ್ಲಿದ್ದ ಅವನನ್ನು ತಡವರಿಸದೆ ತೋರಿಸಿದೆ. ನನ್ನ ಜಾಗದಲ್ಲಿ ನಾಡಿನ ಯಾರನ್ನು ನಿಲ್ಲಿಸಿದ್ದರೂ ಅವನನ್ನೇ ತೋರಿಸುತ್ತಿದ್ದರು.

ನ್ಯಾಯಾಲಯದಲ್ಲಿ ಅವನ ವಕೀಲರು ಮೂರೇ ಪ್ರಶ್ನೆ ಕೇಳಿದರು.

"ಗುರುತಿಸೋಕೆ ಮೊದ್ಲು ಇವ್ರನ್ನ ಬೀದೀಲಿ ನೋಡಿದ್ರಾ, ಮೇಡಮ್?"

"ನೋಡಿದೆ."

"ಟಿವೀಲಿ?"

"ದಿನಾ ಬರ್ತಿತ್ತು."

"ಈಗ ಕಣ್ಣು ಮುಚ್ಕೊಂಡ್ರೆ ಬರೋ ಮುಖ ಗೇಟಲ್ಲಿ ಕಂಡಿದ್ದೋ, ಬೀದೀಲಿ ಕಂಡಿದ್ದೋ?"

ನಾನು ಅಲ್ಲಿಯೇ ಕಣ್ಣು ಮುಚ್ಚಿದೆ. ಬಂದದ್ದು ಹಗ್ಗ ಕಟ್ಟಿದ್ದವನ ಮುಖ. ಗೇಟಿನಲ್ಲಿ ಬರೀ ಗೇಟು ಕಂಡಿತು. ಸುಳ್ಳು ಹೇಳಬಹುದಿತ್ತು. "ಗೊತ್ತಾಗ್ತಿಲ್ಲ" ಎಂದೆ.

ಸರ ಸಿಕ್ಕಿರಲಿಲ್ಲ, ಬೇರೆ ಸಾಕ್ಷ್ಯ ಇರಲಿಲ್ಲ. ಅವನ ಬಿಡುಗಡೆಯಾಯಿತು. ಕಾನೂನು ಸಡಿಲವಾಗಿದೆ, ಇನ್ನು ಮುಂದೆ ಗಲ್ಲೇ ಗತಿ ಎಂಬಂತೆ ಬಿಗಿ ಮಾಡುತ್ತೇವೆ ಎಂದು ತಾವು ಅಂದು ಸಂಜೆಯೇ ಹೇಳಿಕೆ ಕೊಟ್ಟಿರಿ. ಗಲ್ಲು ಯಾರಿಗೆ ಮಾನ್ಯರೇ? ಕೊಂದವನು ಯಾರೆಂದು ತಮಗೆ ಗೊತ್ತೇ? ತೀರ್ಪಿನ ದಿನ ಬಸ್ಸಿನಲ್ಲಿ ಬರುವಾಗ ಭಾವ ಕೇಳಿದ್ದೂ ಅದನ್ನೇ: "ಹಂಗಾರೆ ಇನ್ಯಾರು ಕಣಮ್ಮ?"

ಹೋದ ತಿಂಗಳು ಅರಸೀಕೆರೆ ಬಸ್ ನಿಲ್ದಾಣದಲ್ಲಿ ಆ ಪೇಂಟರ್ ನನ್ನೆದುರು ಬಂದು ನಿಂತ. ಸೊರಗಿದ್ದ. ನಾನು ಓಡಲಿಲ್ಲ. ಭಯಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯದವಳು ಎತ್ತ ಓಡಬೇಕು?

"ಮೇಡಮ್ನೋರೆ," ಎಂದ, "ಎರಡು ವರ್ಷ ಒಳಗಿದ್ದೆ. ಈಗ ಯಾರೂ ಮನೆ ಒಳೀಕೆ ಬಿಟ್ಕೊಳಲ್ಲ, ಕೆಲ್ಸ ಇಲ್ಲ. ನಿಜ ಹೇಳಿ, ಅವತ್ತು ನೀವು ನೋಡಿದ್ದು ನನ್ನೇನಾ?"

ಅವನು ನನ್ನ ಬಾಯಿಂದ ಇಲ್ಲ ಎನ್ನಿಸಲು ಬಂದಿದ್ದ. ನನಗೆ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅವನು ಹೊರಟುಹೋದ. ಅವನೇ ಕೊಲೆಗಾರನಾಗಿದ್ದರೆ ತಾವು ಅವನನ್ನು ಬಿಡಿಸಿದಿರಿ. ಅಲ್ಲವಾದರೆ ಕೊಲೆಗಾರನನ್ನು ಅಡಗಿಸಿದಿರಿ. ಇವೆರಡರಲ್ಲಿ ಯಾವುದಕ್ಕೆ ಜನ ಚಪ್ಪಾಳೆ ತಟ್ಟಿದರು?

ನಾನು ಗಲ್ಲು ಕೇಳುತ್ತಿಲ್ಲ. ಅಕ್ಕನ ಪ್ರಕರಣವನ್ನು ಮತ್ತೆ ಮೊದಲಿನಿಂದ ತನಿಖೆ ಮಾಡಿಸಿ. ಎಷ್ಟು ತಡವಾದರೂ ಸರಿ, ಗಡುವು ಬೇಡ. ಈಗ ಹೊಸದಾಗಿ ಮಾತು ಕೊಟ್ಟ ಊರಿನಲ್ಲಿ ಇನ್ನೂ ಯಾರೂ ಸಿಕ್ಕಿಲ್ಲವಂತೆ; ಯಾರೇ ಸಿಕ್ಕರೂ ಅವನ ಮುಖವನ್ನು ಬೀದಿಗೆ ತರಬೇಡಿ. ತಾವು ಇದನ್ನು ಓದುತ್ತೀರೆಂಬ ನಂಬಿಕೆ ನನಗಿಲ್ಲ. ಆದ್ದರಿಂದ ನಾಳೆ ಭಾನುವಾರ ನಾನೇ ಆ ಊರಿನ ಬಸ್ಸು ಹತ್ತುತ್ತಿದ್ದೇನೆ. ಅಲ್ಲಿ ಏನಾದರೂ ಕಂಡವರು ಯಾರಾದರೂ ಇದ್ದರೆ, ತಮಗಿಂತ ಮೊದಲು ನಾನು ಅವರ ಮನೆ ತಲುಪಬೇಕು.

ಇಂತಿ,
ಸಾಕ್ಷಿಯಾಗಿ ಉಳಿಯಲಾರದೆ ಹೋದ
ಶರ್ಮಿಳಾ
ಅರಸೀಕೆರೆ