ಹಲ್ಲಿನಿಂದ ದಾರ ಕಡಿದ ವೈದ್ಯೆ

ನನ್ನ ಹಳೆಯ ವಿದ್ಯಾರ್ಥಿನಿಗೆ ಆಶೀರ್ವಾದಗಳು.

ನೀನು ತಿದ್ದಿ ಕಳುಹಿಸಿದ ಕಥೆಯನ್ನು ಓದಿದೆನು. ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ಪ್ರತಿಯಲ್ಲಿ ನಿನ್ನ ನಾಯಕಿ ನಿನ್ನಂತೆಯೇ ದರ್ಜಿಯಾಗಿದ್ದಳು. ತೀರಿಹೋದ ಗಂಡನ ಅಂಗಿಯನ್ನು ಮಗನ ಅಳತೆಗೆ ಕಿರಿದು ಮಾಡುತ್ತಿದ್ದಳು. ಅವಳು ಅಳಲಿಲ್ಲ, ನಾನು ಅತ್ತೆನು. ಈಗ ನೋಡಿದರೆ ಅವಳು ಶಸ್ತ್ರವೈದ್ಯೆ! ಲೇಖಕರ ಸಂಘದ ಕಾರ್ಯದರ್ಶಿ, "ಟೈಲರ್ ಕಥೆ ಯಾರಮ್ಮ ಓದ್ತಾರೆ? ಅವಳಿಗೆ ಸ್ವಲ್ಪ ದೊಡ್ಡ ಕೆಲಸ ಕೊಡಿಸಿ" ಎಂದರಂತೆ; ನೀನು ಕೋಲೆಬಸವನಂತೆ ತಲೆಯಾಡಿಸಿದೆಯಂತೆ.

ನಿನ್ನ ವೈದ್ಯೆ ರೋಗಿಯ ಹೊಟ್ಟೆಗೆ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ. ಯಾವ ಆಸ್ಪತ್ರೆಯಲ್ಲಿ ಹೀಗೆ ಮಾಡುತ್ತಾರೆ? ನೀನು ಸುಳ್ಳು ಬರೆಯಹೊರಟರೂ ನಿನ್ನ ಕೈ ಒಪ್ಪಲಿಲ್ಲ. ಬಲ್ಲ ಕೆಲಸವನ್ನು ಬರೆ. ಅಳುವುದನ್ನು ಓದುಗರಿಗೆ ಬಿಡು. ಕಾರ್ಯದರ್ಶಿಯವರು ತೊಟ್ಟ ಅಂಗಿಯೂ ಮರದಲ್ಲಿ ಬಿಟ್ಟದ್ದಲ್ಲವೆಂದು ಅವರಿಗೆ ನಾನೇ ತಿಳಿಸುತ್ತೇನೆ.

ಮೊದಲ ಪ್ರತಿ ಎಲ್ಲಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಕಾಗದ ಗಟ್ಟಿಯಾಗಿತ್ತು ಟೀಚರ್, ಅಂಗಿ ತೋಳಿನ ಅಳತೆ ಇಟ್ಕೊಳ್ಳೋಕೆ ಕತ್ತರಿಸ್ಕೊಂಡ್ಬಿಟ್ಟೆ" ಎಂದೆಯಲ್ಲ. ಭಾನುವಾರ ಆ ತುಂಡುಗಳನ್ನೆಲ್ಲ ತೆಗೆದುಕೊಂಡು ಬಾ. ಊಟದ ಮೇಜನ್ನು ತೆರವು ಮಾಡಿಟ್ಟಿರುತ್ತೇನೆ, ಜೋಡಿಸೋಣ. ಕತ್ತರಿಗೆ ಹೋದ ಸಾಲುಗಳಿಗಾಗಿ ಹೆದರಬೇಡ. ನಿನಗೆ ಹಿಂದಿರುಗಿಸುವ ಮುನ್ನ ಆ ಕಥೆಯನ್ನು ನಾನು ಹನ್ನೊಂದು ಸಲ ಓದಿದ್ದೇನೆ. ನೀನು ಮರೆತಿದ್ದರೆ, ನಿನ್ನ ಮಾತುಗಳನ್ನೇ ನಿನಗೆ ಉಕ್ತಲೇಖನ ಕೊಡುತ್ತೇನೆ. ಬರೆದುಕೊಳ್ಳುವೆಯಂತೆ.

ಕೋಪದಲ್ಲಿಯೂ ನಿನ್ನವಳೇ ಆದ,
ನಿನ್ನ ಟೀಚರ್