ಬ್ಲೋವರಿನ ಸಿಳ್ಳೆ

ಫೆಬ್ರವರಿ ೪

ಪ್ರೀತಿಯ ನಟ್ಟೂ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾದುದಕ್ಕೆ ಮಂಡಿನೋವು, ಶೆಡ್ಡಿನ ತುಂಬ ಕೆಲಸ, ಪೆನ್ನು ಸಿಗಲಿಲ್ಲ ಎಂದು ಏನಾದರೂ ಹೇಳಬಹುದು. ಮೂರೂ ನಿಜವೇ, ಆದರೆ ಮೂರನ್ನು ಸೇರಿಸಿದರೂ ಮೂರು ವಾರ ಆಗುವುದಿಲ್ಲ. ಕ್ಷಮಿಸಿಬಿಡು. ಇಲ್ಲಿ ನಾನೂ ಅಮ್ಮನೂ ಗಟ್ಟಿಯಾಗಿದ್ದೇವೆ. ಅವಳಿಗೆ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಬಂದಿದೆ, ಮನೆಯ ತುಂಬ ನೀಲಿ ಚಡ್ಡಿ. ಕುರ್ಚಿಯಲ್ಲಿ ಕೂರಬೇಕಾದರೆ ಮೊದಲು ಹನ್ನೆರಡು ಚಡ್ಡಿ ಎತ್ತಿಡಬೇಕು.

"ಲಿಫ್ಟ್ ಕಂಪನಿಯಲ್ಲಿ ಹತ್ತು ಜನರ ಮೇಲಿದ್ದಾಳೆ, ಇನ್ನೂ ನಟ್ಟು ನಟ್ಟು ಅಂತೀರಲ್ಲ" ಎಂದು ಅಮ್ಮ ಗದರುತ್ತಾಳೆ. ಫ್ರಾಕಿನ ಜೇಬಿನ ತುಂಬ ನನ್ನ ನಟ್ಟುಗಳನ್ನು ಸುರಿದುಕೊಂಡು ಶಾಲೆಗೆ ಹೋಗುತ್ತಿದ್ದವಳು ನೀನು. ಆ ಹೆಸರು ನಾನಿಟ್ಟದ್ದಲ್ಲ, ನೀನೇ ಸಂಪಾದಿಸಿಕೊಂಡದ್ದು.

ಈಗ ಕಾರಿನ ವಿಷಯ. ಸ್ವಂತ ದುಡಿಮೆಯಲ್ಲಿ ಕಾರು ಕೊಂಡೆ, ಅದೂ ಸೂಪರ್‌ಚಾರ್ಜರ್ ಇರುವ ಚಿಕ್ಕ ಕಾರು ಎಂದು ಓದಿ ನನಗೆ ತುಂಬ ಸಂತೋಷವಾಯಿತು. ಫೋಟೋ ನೋಡಿದೆ. ಹಸಿರು ಬಣ್ಣ, ಗಿಡ್ಡ ಮೂತಿ, ನಾಲ್ಕು ಚಕ್ರಗಳೂ ನಾಲ್ಕು ಮೂಲೆಯಲ್ಲಿ. ಪಕ್ಕದ ಶೆಡ್ಡಿನ ಪೇಂಟರ್‌ಗೂ ತೋರಿಸಿದೆ. ಅವನು ಕನ್ನಡಕವನ್ನು ಹಣೆಗೇರಿಸಿ ನೋಡಿ, "ಬಾನೆಟ್ಟಿಗೆ ಒಂದ್ಸಲ ಮರುಬಣ್ಣ ಹೊಡೆದಿದಾರೆ. ಹಿಂದಿನವನು ಚೆನ್ನಾಗೇ ಓಡ್ಸಿದಾನೆ" ಎಂದ. ಅವನ ಬಾಯಲ್ಲಿ ಅದು ಹೊಗಳಿಕೆಯಲ್ಲ.

ಈ ತಿಂಗಳ ಕೊನೆಯ ಭಾನುವಾರ ಹಳೆಯ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಗೆಳತಿಯರೆಲ್ಲ ಕಾರು ಓಡಿಸುತ್ತೀರಂತೆ. ಅದಕ್ಕೆ ಮುಂಚೆ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಮೂರು ಕಿಟ್ಟುಗಳಲ್ಲಿ ಯಾವುದನ್ನು ಹಾಕಿಸಲಿ ಎಂದು ಕೇಳಿದ್ದೀಯ. ನೀನು ಕಳಿಸಿದ ಕಿಟ್ಟುಗಳ ಪಟ್ಟಿಯನ್ನು ಶೆಡ್ಡಿನ ಗೋಡೆಗೆ ಅಂಟಿಸಿಕೊಂಡು ಓದಿದ್ದೇನೆ.

ಮೊದಲನೆಯದು ತೆರೆದ ಏರ್ ಫಿಲ್ಟರ್, ದಪ್ಪನೆಯ ಗಾಳಿ ಪೈಪು. ಅದನ್ನು ಹಾಕಿಸಿದರೆ ಕಾರು ಜೋರಾಗಿ ಹೋದಂತೆ ಕೇಳಿಸುತ್ತದೆ, ಜೋರಾಗಿ ಹೋಗುವುದಿಲ್ಲ. ಬೀದಿಯವರನ್ನು ತಿರುಗಿ ನೋಡಿಸಬೇಕೆಂಬ ಆಸೆಯಿದ್ದರೆ ಹಾಕಿಸು. ಮೂರನೆಯದು ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿದ್ದು. ಸೈಲೆನ್ಸರ್ ಹೊಸತು, ಗಾಳಿ ತಣಿಸುವ ಇಂಟರ್‌ಕೂಲರ್ ಹೊಸತು, ವಾಲ್ವು ತೆರೆಯುವ ಕ್ಯಾಮ್ ಹೊಸತು. ಅಷ್ಟನ್ನೂ ಒಂದೇ ಸಲ ಬದಲಿಸಿ ಆಮೇಲೆ ಏನೋ ಸರಿಯಿಲ್ಲ ಎನಿಸಿದರೆ ಯಾವುದನ್ನು ಬೈಯುವುದು ಎಂದೇ ತಿಳಿಯುವುದಿಲ್ಲ. ಒಂದು ಬದಲಿಸು, ಒಂದು ತಿಂಗಳು ಓಡಿಸು, ಆಮೇಲೆ ಇನ್ನೊಂದು.

ನನ್ನ ಓಟು ಎರಡನೆಯದಕ್ಕೆ: ಸಣ್ಣ ಪುಲ್ಲಿ, ಅದರ ಅಳತೆಯ ಬೆಲ್ಟು, ತಣ್ಣಗೆ ಉರಿಯುವ ಪ್ಲಗ್ಗುಗಳು, ಕಂಪ್ಯೂಟರ್ ಟ್ಯೂನು. ನಿನಗೆ ಗೊತ್ತಿರುವುದೇ, ಆದರೂ ಅಪ್ಪನಾಗಿ ಒಮ್ಮೆ ಹೇಳುತ್ತೇನೆ. ಬ್ಲೋವರ್, ಅಂದರೆ ನಿನ್ನ ಸೂಪರ್‌ಚಾರ್ಜರ್, ಎಂಜಿನ್ನಿಗೆ ಬಲವಂತವಾಗಿ ಉಸಿರು ತುಂಬುವ ಯಂತ್ರ. ಬೆಲ್ಟು ಅದನ್ನು ತಿರುಗಿಸುತ್ತದೆ. ಬೆಲ್ಟು ಸುತ್ತುವ ಗಾಲಿ, ಅಂದರೆ ಪುಲ್ಲಿ, ಸಣ್ಣದಾದಷ್ಟೂ ಬ್ಲೋವರ್ ಜೋರಾಗಿ ತಿರುಗುತ್ತದೆ, ಗಾಳಿ ಹೆಚ್ಚು, ಶಕ್ತಿ ಹೆಚ್ಚು, ಬಿಸಿಯೂ ಹೆಚ್ಚು. ಶೇಕಡಾ ಹದಿನೈದು ಸಣ್ಣದು ಸಾಕು, ಹತ್ತೊಂಬತ್ತಕ್ಕೆ ಕೈಹಾಕಬೇಡ. ಅಂಗಡಿಯವನು ಎಷ್ಟೇ ಬೆಣ್ಣೆ ಹಚ್ಚಿದರೂ ಹದಿನೈದೇ. ಮತ್ತೆ, ಕಿಟ್ಟಿಗಿಂತ ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ ಬದಲಿಸು. ನಿಲ್ಲಿಸಲು ಬಾರದ ಕಾರನ್ನು ಓಡಿಸುವುದಕ್ಕೆ ಜಾಣತನ ಬೇಕಾಗಿಲ್ಲ.

ಒಂದೇ ಒಂದು ಷರತ್ತು. ಬ್ಲೋವರಿನ ಬೇರಿಂಗು ಸವೆದಿದ್ದರೆ ಸಣ್ಣ ಪುಲ್ಲಿ ಹಾಕಲೇಬಾರದು. ಹಾಕಿದರೆ ಒಳಗೆ ತಿರುಗುವ ರೋಟರುಗಳು ಒಂದಕ್ಕೊಂದು ತಗುಲಿ, ಆ ಚೂರುಗಳನ್ನೆಲ್ಲ ಎಂಜಿನ್ನು ನುಂಗುತ್ತದೆ, ಅದೂ ನೀನು ಪೂರ್ತಿ ವೇಗದಲ್ಲಿರುವಾಗ. ನೀನೂ ಅದಕ್ಕೇ ಬರೆದಿದ್ದೀಯ: "ಶಬ್ದ ರೆಕಾರ್ಡ್ ಮಾಡಿ ಅಮ್ಮನ ಫೋನಿಗೆ ಕಳಿಸಿದ್ದೇನೆ. ಬ್ಲೋವರ್ ಚೆನ್ನಾಗಿದೆಯಾ ನೀನೇ ಕೇಳಿ ಹೇಳು ಅಪ್ಪ, ಬೇರೆಯವರ ಮಾತು ನನಗೆ ಬೇಡ." ಕೇಳಿದೆ. ಸಿಳ್ಳೆ ಸ್ವಚ್ಛವಾಗಿದೆ. ಧೈರ್ಯವಾಗಿ ಹಾಕಿಸು.

ನಾಲ್ಕೂವರೆ ವರ್ಷದ ಮೇಲೆ ನೀನು ಕೆಲಸದ ಮಾತು ಕೇಳಿದ್ದು ಇದೇ ಮೊದಲು. ಕನ್ನಡಕದಂಗಡಿಯವರ ಬಿಳಿ ಕಾರು ನಿನಗೂ ಮರೆತಿಲ್ಲ, ನನಗೂ ಮರೆತಿಲ್ಲ. "ಬೆಲ್ಟಿನ ಹತ್ರ ಬೇರಿಂಗ್ ಕೂಗ್ತಿದೆ ಅಪ್ಪ" ಎಂದೆ ನೀನು. ನಾನು ಅವರ ಎದುರಿಗೇ, "ಮೊದಲು ಕಿವಿ ಪಳಗಲಿ, ಆಮೇಲೆ ಮಾತಾಡು" ಎಂದೆ. ನೀನು ಕೈ ಒರೆಸಿ, ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಹೋದೆ. ಆ ತಿಂಗಳೇ ಲಿಫ್ಟಿನ ಕೆಲಸಕ್ಕೆ ಸೇರಿದೆ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಆ ಮಾತು ಅಲ್ಲಿಗೆ ಬಿಡೋಣ.

ಫೋನ್ ಮಾಡುವುದಿಲ್ಲ ಎಂದು ಬೇಸರಿಸಬೇಡ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದದ ಮಾತು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಾರು ನಿನ್ನ ಮಾತು ಕೇಳಲಿ.

ನಿನ್ನ
ಅಪ್ಪ


ಫೆಬ್ರವರಿ ೧೩

ನಟ್ಟೂ,

ಅಮ್ಮ ನಿನ್ನೆ ಫೋನಿನಲ್ಲಿ ಹೇಳಿದ್ದಾಳೆ, ಆದರೂ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಆ ಪುಲ್ಲಿ ಹಾಕಿಸಬೇಡ. ಡಬ್ಬಿಯಲ್ಲೇ ಇರಲಿ. ಕೊನೆಯ ಭಾನುವಾರ ರನ್‌ವೇಗೆ ಬೇಕಾದರೆ ಗೆಳತಿಯರ ಕಾರಿನಲ್ಲಿ ಹೋಗು.

"ಪುಲ್ಲಿ ಬಂದಾಯ್ತು, ಶನಿವಾರ ಹಾಕೋಣ ಅಂತಿದ್ದೆ" ಎಂದೆಯಂತೆ. ಅಮ್ಮ ಆ ಮಾತನ್ನು ಕೈಸನ್ನೆ ಸಮೇತ ನನಗೆ ಹೇಳುವಾಗ ನಾನು ಚಡ್ಡಿಗಳ ಮೇಲೇ ಕುಳಿತೆ. ಅವಳೂ ಬೈಯಲಿಲ್ಲ.

ಆದದ್ದು ಇಷ್ಟು. ನಿನ್ನೆ ಬೆಳಿಗ್ಗೆ ಅವಳು ಫೋನಿನಲ್ಲಿ ಏನೋ ಹುಡುಕುತ್ತ ನಿನ್ನ ರೆಕಾರ್ಡನ್ನು ಒತ್ತಿಬಿಟ್ಟಳು. ನಾನು ಪಕ್ಕದಲ್ಲೇ ಬೂಟು ಹಾಕಿಕೊಳ್ಳುತ್ತಿದ್ದೆ.

"ಇದೇನ್ರೀ, ಒಳಗೇನೋ ಕೀರ್ತಾ ಇದೆ?" ಎಂದಳು.

"ಅದು ಬ್ಲೋವರಿನ ಸಿಳ್ಳೆ. ಹಾಗೇ ಇರತ್ತೆ."

"ಸಿಳ್ಳೆ ಬೇರೆ ಕೇಳಿಸ್ತಿದೆ. ಅದರ ಮೇಲೆ ಇನ್ನೊಂದು. ನನ್ನ ಮಿಷನ್ನಿಗೆ ಎಣ್ಣೆ ಒಣಗಿದಾಗ ಬರತ್ತಲ್ಲ, ಅಂಥದ್ದೇ. ನಿಮಗೆ ಕೇಳ್ತಿಲ್ವಾ?"

ನಾನು ಬೂಟಿನ ದಾರ ಕಟ್ಟತೊಡಗಿದೆ. ಅವಳು ಮತ್ತೆ ಹಾಕಿದಳು. ನಾಲ್ಕು ಸಲ ಹಾಕಿದಳು. ನಾಲ್ಕನೆಯ ಸಲ ಅವಳು ಫೋನನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ನಟ್ಟೂ, ನನಗೆ ಅದರಲ್ಲಿ ಕೇಳಿಸುವುದು ಎಂಜಿನ್ನಿನ ಗುಡುಗುಡು ಮಾತ್ರ. ಆ ಕೀರಲು ಶಬ್ದ ಹಾಗಿರಲಿ, ಸಿಳ್ಳೆಯೇ ಕೇಳುವುದಿಲ್ಲ. ಸಿಳ್ಳೆ ಸ್ವಚ್ಛವಾಗಿದೆ ಎಂದು ನಿನಗೆ ಬರೆದೆನಲ್ಲ, ಇಲ್ಲದ್ದನ್ನು ಸ್ವಚ್ಛ ಎಂದು ಬರೆದೆ. ಆ ಮೂರು ವಾರ ನಾನು ಮಾಡಿದ್ದೂ ಇದನ್ನೇ. ಅಮ್ಮ ಅಂಗಡಿಗೆ ಹೋದಾಗೆಲ್ಲ ಫೋನನ್ನು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದೆ. ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ ನೋಡುತ್ತೇನಲ್ಲ, ಗಿರಾಕಿಗಳು ಅದನ್ನೊಂದು ದೊಡ್ಡ ವಿದ್ಯೆ ಎಂದುಕೊಂಡಿದ್ದಾರೆ. ಕಿವಿಗೆ ಬಾರದ್ದು ದವಡೆಯ ಎಲುಬಿಗೆ ಬರುತ್ತದೆ, ಅಷ್ಟೇ ವಿದ್ಯೆ. ಫೋನನ್ನೂ ಕಚ್ಚಿ ನೋಡಿದೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ. ನಾಲ್ಕೂವರೆ ವರ್ಷದ ಮೇಲೆ ಮಗಳು ಒಂದು ಮಾತು ಕೇಳಿದ್ದಾಳೆ, ಅದೂ ನನಗೆ ಉತ್ತರ ಹೇಳಲು ಬಾರದ ಇದೊಂದೇ ಮಾತು. "ನನಗೆ ಕೇಳಿಸುವುದಿಲ್ಲ" ಎಂದು ಬರೆಯಲು ಎರಡು ಸಲ ಕೂತೆ. ಬರೆಯಲಾಗಲಿಲ್ಲ.

ನನಗೆ ಹೆಣ್ಣುಮಕ್ಕಳ, ಮಕ್ಕಳ ತೆಳು ದನಿ ಅರ್ಧಂಬರ್ಧ ಕೇಳಿಸುತ್ತದೆ. ಫೋನಿನಲ್ಲಿ ಅದೂ ಇಲ್ಲ. ಕಾಗದದ ಮಾತು ಪೆಟ್ಟಿಗೆಯಲ್ಲಿ ಉಳಿಯುತ್ತದೆ ಎಂದು ದೊಡ್ಡದಾಗಿ ಬರೆದೆನಲ್ಲ, ನನ್ನ ಪತ್ರಪ್ರೇಮದ ಗುಟ್ಟು ಇದೇ.

ಯಾವಾಗಿನಿಂದ ಎಂದು ಅಮ್ಮ ಕೇಳಿದಳು. "ಈಚೆಗೆ" ಎಂದೆ.

ಇರಲಿ, ಈಗ ಮಾಡಬೇಕಾದ್ದು ಹೇಳುತ್ತೇನೆ. ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಬೆಲ್ಟು ಕಳಚು. ಬ್ಲೋವರಿನ ಪುಲ್ಲಿಯನ್ನು ಬರಿಗೈಯಲ್ಲಿ ನಿಧಾನ ತಿರುಗಿಸು. ಸಲೀಸಾಗಿ ತಿರುಗಬೇಕು. ಎಲ್ಲಾದರೂ ತಡೆದಂತಾದರೆ, ಮರಳು ಸಿಕ್ಕಂತಾದರೆ, ಅಥವಾ ಹಿಡಿದು ಅಲುಗಿಸಿದಾಗ ಟಕ್ ಎಂದರೆ ಬೇರಿಂಗು ಹೋಗಿದೆ. ಬ್ಲೋವರಿನೊಳಗೆ ಅದರದೇ ಎಣ್ಣೆಯಿದೆ, ಎಂಜಿನ್ನಿನ ಎಣ್ಣೆಯಲ್ಲ. ಅದನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿ. ಬೆಳ್ಳಿಯ ಪುಡಿ ಹೊಳೆದರೆ ಮುಂದೆ ಓಡಿಸಲೇಬೇಡ. ಹಿಂದಿನವನು ಆ ಎಣ್ಣೆಯನ್ನು ಒಮ್ಮೆಯೂ ಬದಲಿಸಿರಲಿಕ್ಕಿಲ್ಲ. ಪೇಂಟರ್ ಬಾನೆಟ್ಟು ನೋಡಿ ಹೇಳಿದ್ದನ್ನು ನಾನು ಕೇಳಿಸಿಕೊಳ್ಳಬೇಕಿತ್ತು.

ಹಾಗಾಗಿ ಯಾವ ಕಿಟ್ಟು ಮೊದಲು ಎಂಬ ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಪಟ್ಟಿಯಲ್ಲೇ ಇರಲಿಲ್ಲ. ಬ್ಲೋವರ್ ಬಿಚ್ಚಿ ಸರಿಮಾಡುವ ಕಿಟ್ಟು: ಬೇರಿಂಗುಗಳು, ಸೀಲುಗಳು, ಒಂದು ಸಣ್ಣ ಬಾಟಲಿ ಎಣ್ಣೆ. ಕುದುರೆಶಕ್ತಿ ಒಂದೂ ಹೆಚ್ಚುವುದಿಲ್ಲ, ಗೆಳತಿಯರಿಗೆ ತೋರಿಸಲಿಕ್ಕೂ ಏನಿಲ್ಲ. ಅದಾದ ಮೇಲೆ ಹದಿನೈದರ ಪುಲ್ಲಿ ಹಾಕಿಸು, ಆ ಮಾತು ನಾನು ತಿಳಿದೇ ಹೇಳಿದ್ದು. ಬ್ಲೋವರನ್ನು ಬಿಚ್ಚಲು ನಿನಗೆ ಯಾರೂ ಬೇಕಾಗಿಲ್ಲ. ಆದರೆ ರಜೆ ಹಾಕಿ ಇಲ್ಲಿಗೇ ತಂದರೆ ನನ್ನ ಬೆಂಚು ಖಾಲಿಯಿದೆ. ನಾನು ಬಿಚ್ಚುತ್ತೇನೆ, ನೀನು ಕೇಳು. ತರುವುದಾದರೆ ಲಾರಿಯ ಮೇಲೆ ಹೇರಿಸಿಕೊಂಡು ಬಾ, ಓಡಿಸಿಕೊಂಡು ಬರಬೇಡ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನೆಯಿಂದ ನನ್ನ ಎದುರು ನಿಂತು, ತುಟಿ ಅಗಲಿಸಿ ನಿಧಾನವಾಗಿ ಮಾತಾಡುತ್ತಾಳೆ, ನಾನು ಹೊಸದಾಗಿ ಬಂದ ನೆಂಟನೇನೋ ಎಂಬಂತೆ. ನಿನಗೆ ಯಾವ ಕೇಡೂ ತಟ್ಟದಿರಲಿ ಮಗಳೇ. ನೂರು ಕಾಲ ಸುಖವಾಗಿರು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅಮ್ಮ ಇದನ್ನು ಓದಿ, "ಈಚೆಗೆ ಅಂದ್ರೆ ಯಾವಾಗ್ರೀ?" ಎಂದು ಮತ್ತೆ ಕೇಳಿದಳು. ಅವಳಿಗೆ ಹೇಳಿದೆ, ನಿನಗೂ ಹೇಳಬೇಕು.

ನಾನು ಕಿವಿ ಡಾಕ್ಟರ ಹತ್ತಿರ ಹೋದದ್ದು ಐದು ವರ್ಷದ ಹಿಂದೆ. ಯಾರಿಗೂ ತಿಳಿಸದೆ, ಬಿಡಿಭಾಗ ತರುತ್ತೇನೆಂದು ಹೇಳಿ ಹೋಗಿದ್ದೆ. ಅವರು ಒಂದು ನಕ್ಷೆ ಬರೆದು ತೋರಿಸಿದರು. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಮೆಟ್ಟಿಲಿನಂತೆ ಕೆಳಗಿಳಿದಿತ್ತು. "ಸಣ್ಣ, ಕೀರಲು ಶಬ್ದಗಳು ಇನ್ನು ನಿಮ್ಮ ಕಿವಿಗೆ ಬರೋದಿಲ್ಲ" ಎಂದರು. ಬಿಳಿ ಕಾರು ಶೆಡ್ಡಿಗೆ ಬಂದದ್ದು ಅದಾಗಿ ಆರು ತಿಂಗಳಿಗೆ. ಬೇರಿಂಗು ಕೂಗುತ್ತಿದೆ ಎಂದು ನೀನು ಹೇಳಿದಾಗ ನನಗೇನೂ ಕೇಳಿಸಲಿಲ್ಲ. ಯಾಕೆ ಕೇಳಿಸಲಿಲ್ಲ ಎಂದು ನನಗೆ ಗೊತ್ತಿತ್ತು. ನಿನ್ನ ಕಿವಿ ಸರಿಯಿದೆ ಎಂದೂ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಅಂದೆ.

ಎರಡು ತಿಂಗಳ ನಂತರ ಆ ಕಾರನ್ನು ಎಳೆದುಕೊಂಡು ಬಂದರು. ನೀನು ಹೇಳಿದ ಬೇರಿಂಗೇ ಹೋಗಿ, ಬೆಲ್ಟು ಹರಿದು ಎಂಜಿನ್ನು ಕೆಟ್ಟಿತ್ತು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬನೇ ಸರಿಮಾಡಿ ಕೊಟ್ಟೆ. ಆ ದಿನವೇ ನಿನ್ನನ್ನು ಕರೆದುಕೊಂಡು ಬರಬೇಕಿತ್ತು. ನೀನು ಬಂದರೆ ನನ್ನ ಗುಟ್ಟೂ ನಿನ್ನ ಜೊತೆಗೇ ಒಳಗೆ ಬರುತ್ತದೆ ಎಂದು ಹೆದರಿ ಸುಮ್ಮನಾದೆ.

ಇದರ ಜೊತೆಗೆ ಒಂದು ಸಣ್ಣ ಪೊಟ್ಟಣ ಇಟ್ಟಿದ್ದೇನೆ. ಅದು ಬಿಳಿ ಕಾರಿನ ಬೇರಿಂಗು, ಇಷ್ಟು ದಿನ ನನ್ನ ಬೆಂಚಿನ ಡ್ರಾಯರಿನಲ್ಲಿತ್ತು. ಬೆರಳಿಗೆ ಹಾಕಿ ತಿರುಗಿಸಿದರೆ ಒಳಗೆ ಗರಗರ ತಾಗುತ್ತದೆ, ಅಷ್ಟು ನನಗೂ ತಿಳಿಯುತ್ತದೆ. ಕಿವಿಯ ಹತ್ತಿರ ಹಿಡಿದು ತಿರುಗಿಸು. ಆ ದಿನ ನಿನಗೆ ಕೇಳಿಸಿದ್ದು ಹೇಗಿತ್ತು ಎಂದು ನನಗೆ ಬರೆ.