ಹಸಿ ಬಣ್ಣದ ಮೇಲೆ ಮೂರು ಬೆರಳು

ಕೆಂಚ,

ಅವ್ವ ಮನೆಯಲ್ಲಿಲ್ಲ. ಸಿಟ್ಟು ಮಾಡಿಕೊಂಡು ಬಾಗೂರಿಗೆ, ನಮ್ಮ ಅಕ್ಕನ ಮನೆಗೆ ಹೋಗಿದ್ದಾಳೆ. ಕರೆತರಲು ಹೊರಟಿದ್ದೇನೆ.

ವಕೀಲರ ಕಾರಿನ ದೀಪದ ಸುತ್ತಿನ ಬಳೆಗಳಿಗೂ ಚಕ್ರದ ಮುಚ್ಚಳಗಳಿಗೂ ಬೆಳಿಗ್ಗೆ ಬೆಳ್ಳಿ ಬಣ್ಣ ಹೊಡೆದು ಜಗಲಿಯ ಮೇಲೆ ಇಟ್ಟಿದ್ದೇನೆ. ಕೋಳಿಗಳನ್ನು ಹೊರಗೆ ಬಿಡಬೇಡ. ಬಾನೆಟ್ಟಿನ ಪಟ್ಟಿ ಇನ್ನೂ ಬಾಕಿ ಇದೆ. ಮೊದಲು ಮರಳು ಕಾಗದದಲ್ಲಿ ತುಕ್ಕು ಉಜ್ಜು. ಹೋದ ಸಲದ ಹಾಗೆ ಒರೆಸಿದ ಸೀಮೆಎಣ್ಣೆ ಆರುವ ಮೊದಲೇ ಬಣ್ಣ ಬಳಿಯಬೇಡ, ಕತ್ತೆ. ನಾಳೆ ಆಯುಧಪೂಜೆ, ಬೆಳಗಾಗುವುದರೊಳಗೆ ಎಲ್ಲವನ್ನೂ ಕಾರಿಗೆ ಕೂರಿಸಬೇಕು.

ಬೆಳಿಗ್ಗೆ ನಾನು ಬಣ್ಣ ಹೊಡೆದು ಮುಗಿಸುತ್ತಿದ್ದಂತೆ ಅವ್ವ ವಿಭೂತಿ ತಂದಳು. "ನಾಳೆ ವಕೀಲರ ಬಾಗಿಲಲ್ಲಿ ನಮ್ ಕೈಲಿ ಪೂಜೆ ಮಾಡುಸ್ತಾರಾ? ಇಲ್ಲೇ ಮಾಡ್ಬುಡ್ತೀನಿ" ಅಂತ ಹಸಿ ಬಣ್ಣದ ಮೇಲೆಯೇ ಮೂರು ಬೆರಳು ಎಳೆದುಬಿಟ್ಟಳು. ನನಗೆ ತಲೆ ಕೆಟ್ಟು, "ಮುಟ್ಬ್ಯಾಡ, ದೂರ ನಿಂತ್ಕೊ!" ಅಂತ ಕಿರುಚಿದೆ.

ನಾನು ಅಂದದ್ದು ಬಣ್ಣಕ್ಕೆ. ಆದರೆ ಊರಲ್ಲಿ ಬಾವಿಕಟ್ಟೆಯಿಂದ ಅಂಗಡಿ ಬಾಗಿಲವರೆಗೆ ಜೀವಮಾನವೆಲ್ಲ ಅದೇ ಮಾತು ಕೇಳಿದವಳು ಅವಳು. "ನೀನೂ ಅಂಗಂದ್ಬುಟ್ಯಾ, ಮಗ" ಅಂದಳು, ಅಷ್ಟೇ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಸ್ಸಿಗೆ ನಡೆದಳು. ಕೂಗಿದರೂ ತಿರುಗಲಿಲ್ಲ.

ಮುದ್ದೆ ಮುಚ್ಚಿಟ್ಟಿದ್ದೇನೆ, ಉಣ್ಣು. ಅವಳ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ, ಸಂಜೆ ಒಳಗೆ ತಗೋ. ಇವತ್ತೇ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಬಣ್ಣ ಆರಿದ ಮೇಲೆ ಎಲ್ಲದಕ್ಕೂ ಎರಡನೇ ಕೋಟು ಹೊಡಿ. ಎಡಗಡೆ ದೀಪದ ಬಳೆಯ ಮೇಲೆ ಅವ್ವ ಎಳೆದ ಮೂರು ಗೆರೆಗಳಿವೆ. ವಕೀಲರು ಕೇಳಿದರೆ ಉತ್ತರ ನಾನು ಹೇಳುತ್ತೇನೆ. ಅದನ್ನು ಮಾತ್ರ ನೀನು ಮುಟ್ಟಬೇಡ.

ಬೈರಯ್ಯ